ಬೆಳಿಗ್ಗೆ ತೆರೆಯುತ್ತೆ, ಮಧ್ಯಾಹ್ನ ಕಪ್ಪು ಪರದೆ: ದೂರದ ಲಿನಕ್ಸ್ ಸರ್ವರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಕಾಗದಗಳನ್ನು ಒಟ್ಟಿಗೆ ಹರವಿಕೊಂಡು ಕೂತಾಗ ಬಹುಪಾಲು ಎಲ್ಲರದೂ ಒಂದೇ ತಾಪತ್ರಯ ಅಂತ ಕಂಡಿತು: ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಬಾಡಿಗೆಯ ಕ್ಲೌಡ್‌ನಲ್ಲೋ ಇರುವ ಲಿನಕ್ಸ್ ಸರ್ವರ್‌ನ ಪರದೆಯನ್ನು ಮನೆಯ ಲ್ಯಾಪ್‌ಟಾಪ್‌ನಲ್ಲಿ ತೆರೆಯಲು ಹೋದರೆ ಆಗುತ್ತಿಲ್ಲ. ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಮೈಸೂರಿನಲ್ಲಿ ಕೂತು ಬೇರೆಯವರ ಸರ್ವರ್ ನೋಡಿಕೊಳ್ಳುವುದೇ ಇಪ್ಪತ್ತು ವರ್ಷದಿಂದ ನನ್ನ ಹೊಟ್ಟೆಪಾಡು. ಇಲ್ಲಿ ಬರೆದಿರುವುದೆಲ್ಲ ನಾನೇ ಕೈಯಾರೆ ಮಾಡಿ ನೋಡಿದ್ದು.

ಒಂದು ಸೂಚನೆ. ಆಜ್ಞೆಗಳ ಹೆಸರನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಪದೇ ಪದೇ ಬರುವ ಹೆಸರುಗಳು ಮೂರು: ಲಿನಕ್ಸ್‌ನ ಡೆಸ್ಕ್‌ಟಾಪನ್ನು ದೂರದವರಿಗೆ ತೋರಿಸುವ ಪ್ರೋಗ್ರಾಮ್ ಎಕ್ಸ್‌ಆರ್‌ಡಿಪಿ, ದೂರದ ಯಂತ್ರದ ಟರ್ಮಿನಲ್‌ಗೆ ಗುಟ್ಟಾಗಿ ಒಳಹೋಗುವ ದಾರಿ ಎಸ್‌ಎಸ್‌ಎಚ್, ಎರಡು ಜಾಗಗಳನ್ನು ಇಂಟರ್ನೆಟ್ ಮೇಲೆ ಗುಟ್ಟಾಗಿ ಬೆಸೆಯುವ ಜಾಲ ವಿಪಿಎನ್.

ಪ್ರಶ್ನೆ: ಮೇಡಂ, ನಮಸ್ಕಾರ. ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೀತೀನಿ. ಮಂಡಿಯಲ್ಲಿ ಉಬುಂಟು 22.04 ಹಾಕಿರೋ ಕಂಪ್ಯೂಟರ್ ಇದೆ. ಬಿಲ್ಲು, ರೈತರ ಖಾತೆ ಎಲ್ಲಾ ಅದರಲ್ಲೇ. ನಾನಿರೋದು ಮೈಸೂರಲ್ಲಿ. ಮನೆಗೂ ಮಂಡಿಗೂ ವಿಪಿಎನ್ ಇದೆ, ಎಕ್ಸ್‌ಆರ್‌ಡಿಪಿ ಮೂಲಕ ವಿಂಡೋಸ್ ಲ್ಯಾಪ್‌ಟಾಪ್‌ನಿಂದ ಕೆಲಸ ಮಾಡ್ತೀನಿ. ಎರಡು ವಾರದಿಂದ ವಿಚಿತ್ರ ಆಗಿದೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಸಲೀಸಾಗಿ ತೆರೆಯುತ್ತೆ. ಮಧ್ಯಾಹ್ನ ಹೋದರೆ ಪಾಸ್‌ವರ್ಡ್ ತಗೊಳ್ಳುತ್ತೆ, ಪರದೆ ಕಪ್ಪಾಗುತ್ತೆ, ಎರಡು ಮೂರು ಸೆಕೆಂಡಿಗೆ ಮುಚ್ಚಿಕೊಳ್ಳುತ್ತೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿಸಿದರೆ ಮತ್ತೆ ಸರಿ. ಇಂಟರ್ನೆಟ್‌ನವರನ್ನ ಕರೆಸಿ ತಂತಿ ಬದಲಾಯಿಸಿದ್ದೂ ಆಯ್ತು. ಏನು ಮಾಡಲಿ?

ಉತ್ತರ: ನಿಮ್ಮ ಕಾಗದದಲ್ಲಿ ಉತ್ತರ ಅರ್ಧ ಇದ್ದೇ ಇತ್ತು. ಪಾಸ್‌ವರ್ಡ್ ತೆಗೆದುಕೊಳ್ಳುತ್ತದೆ ಎಂದ ಮೇಲೆ ತಂತಿ, ರೂಟರ್, ವಿಪಿಎನ್, ಫೈರ್‌ವಾಲ್ ಎಲ್ಲವೂ ನೆಟ್ಟಗಿವೆ ಎಂದೇ ಅರ್ಥ. ತೊಂದರೆ ಇರುವುದು ಒಳಗೆ, ಡೆಸ್ಕ್‌ಟಾಪ್ ಏಳುವ ಜಾಗದಲ್ಲಿ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಏನಾಗುತ್ತದೆ ಎಂಬುದಷ್ಟೇ ನನಗೆ ಗೊತ್ತಾಗಬೇಕಿತ್ತು. ಫೋನ್ ಮಾಡಿದಾಗ ನಮ್ಮ ಮಾತು ಹೀಗೆ ನಡೆದದ್ದು ನಿಮಗೆ ನೆನಪಿರಬಹುದು.

‘ಹತ್ತು ಗಂಟೆ ಮೇಲೆ ಆ ಕಂಪ್ಯೂಟರ್ ಮುಂದೆ ಯಾರು ಕೂರ್ತಾರೆ?’

‘ನಮ್ಮ ಹುಡುಗ ಬರ್ತಾನೆ ಮೇಡಂ, ತೂಕದ ಚೀಟಿ ಎಂಟ್ರಿ ಮಾಡೋಕೆ. ಎರಡು ವಾರ ಆಯ್ತು ಸೇರಿ.’

‘ಯಾವ ಹೆಸರಲ್ಲಿ ಲಾಗಿನ್ ಆಗ್ತಾನೆ?’

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ‘ನನ್ನ ಹೆಸರಲ್ಲೇ.’

ಅಷ್ಟೇ ವಿಷಯ. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್ ಒಬ್ಬ ಯೂಸರ್‌ಗೆ ಒಂದು ಸಲಕ್ಕೆ ಒಂದೇ ಗದ್ದುಗೆ ಹಾಕುತ್ತದೆ. ಹುಡುಗ ಮಂಡಿಯಲ್ಲಿ ನಿಮ್ಮ ಹೆಸರಿನಲ್ಲಿ ಕೂತಿದ್ದಾಗ ನೀವು ಮೈಸೂರಿನಿಂದ ಅದೇ ಹೆಸರಿನಲ್ಲಿ ಬಂದರೆ, ಎಕ್ಸ್‌ಆರ್‌ಡಿಪಿ ನಿಮಗಾಗಿ ಇನ್ನೊಂದು ಡೆಸ್ಕ್‌ಟಾಪ್ ಎಬ್ಬಿಸಲು ಹೋಗುತ್ತದೆ. ಡೆಸ್ಕ್‌ಟಾಪಿನ ಭಾಗಗಳು ಪರಸ್ಪರ ಮಾತಾಡಿಕೊಳ್ಳುವ ಡಿ-ಬಸ್ ಆ ಹೆಸರಿಗೆ ಒಂದೇ ಇದೆ, ತಾತ್ಕಾಲಿಕ ಫೈಲುಗಳ ಜಾಗವೂ ಒಂದೇ. ಎರಡನೆಯದು ಏಳುವಾಗ ಮೊದಲನೆಯದಕ್ಕೆ ಎಡವಿ ಬೀಳುತ್ತದೆ. ನಿಮಗೆ ಕಂಡ ಕಪ್ಪು ಪರದೆ ಅದೇ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಾಗ ಹುಡುಗ ಮತ್ತೆ ಲಾಗಿನ್ ಆಗುವ ಮುಂಚೆ ನೀವು ಒಳಗೆ ಹೋಗಿರುತ್ತೀರಿ, ಅದಕ್ಕೇ ಸರಿಹೋದಂತೆ ಕಾಣುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಮಧ್ಯಾಹ್ನದ ಹೊತ್ತು ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ ‘ಲಾಗಿನ್‌ಸಿಟಿಎಲ್’ ಎಂದು ಟೈಪ್ ಮಾಡಿ. ಯಾರು ಯಾರು ಒಳಗಿದ್ದಾರೆ ಎಂಬ ಪಟ್ಟಿ ಬರುತ್ತದೆ. ನಿಮ್ಮ ಹೆಸರಿನ ಸಾಲಿನಲ್ಲಿ ‘ಸೀಟ್0’ ಎಂದಿದ್ದರೆ ಆ ಹೆಸರಿನಲ್ಲಿ ಯಾರೋ ಯಂತ್ರದ ಮುಂದೆಯೇ ಕೂತಿದ್ದಾರೆ ಎಂದರ್ಥ. ದೂರದಿಂದ ಬಂದವರ ಸಾಲಿನಲ್ಲಿ ಆ ಜಾಗ ಖಾಲಿ ಇರುತ್ತದೆ.

ಇದಕ್ಕೆ ಇಂಟರ್ನೆಟ್‌ನಲ್ಲಿ ಎಲ್ಲರೂ ಹೇಳುವ ಒಂದು ಮದ್ದಿದೆ. ಎಕ್ಸ್‌ಆರ್‌ಡಿಪಿ ಡೆಸ್ಕ್‌ಟಾಪ್ ಎಬ್ಬಿಸುವ ಸ್ಕ್ರಿಪ್ಟ್‌ನಲ್ಲಿ ಎರಡು ಸಾಲು ಸೇರಿಸಿ, ಹಳೆಯ ಡಿ-ಬಸ್‌ನ ವಿಳಾಸವನ್ನೂ ತಾತ್ಕಾಲಿಕ ಜಾಗದ ವಿಳಾಸವನ್ನೂ ಮರೆಸಿಬಿಡುವುದು. ಕೆಲಸ ಆಗುತ್ತದೆ, ನಾನೂ ಮಾಡಿದ್ದೇನೆ. ಆದರೆ ನಿಮ್ಮ ಮಂಡಿಗೆ ಅದು ಬೇಡ ಎನ್ನುತ್ತೇನೆ. ಒಂದೇ ಮನೆಗೆ ಎರಡು ಸಂಸಾರ ಹೂಡಿದಂತಾಗುತ್ತದೆ. ಹುಡುಗ ತೆರೆದ ಫೈರ್‌ಫಾಕ್ಸ್ ನಿಮಗೆ ‘ಆಗಲೇ ತೆರೆದಿದೆ’ ಎಂದು ಅಡ್ಡ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ರೈತರ ಖಾತೆಯಲ್ಲಿ ಒಂದು ತಪ್ಪು ಅಂಕಿ ಬಿದ್ದರೆ ಬರೆದವರು ಯಾರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕಬ್ಬು ಅರೆದು ಬೆಲ್ಲ ಕಾಸಿ ತಂದವನ ದುಡ್ಡಿನ ಲೆಕ್ಕ ಅದು. ಹುಡುಗನಿಗೆ ಅವನದೇ ಹೆಸರಿನಲ್ಲಿ ಬೇರೆ ಯೂಸರ್ ಮಾಡಿಕೊಡಿ. ‘ಆಡ್‌ಯೂಸರ್’ ಆಜ್ಞೆಗೆ ಎರಡು ನಿಮಿಷ ಸಾಕು. ಇಬ್ಬರಿಗೂ ಬೇಕಾದ ಫೈಲುಗಳಿಗೆ ಒಂದು ಗುಂಪು ಮಾಡಿ, ಇಬ್ಬರನ್ನೂ ಅದಕ್ಕೆ ಸೇರಿಸಿ, ಫೋಲ್ಡರ್ ಅನ್ನು ಆ ಗುಂಪಿಗೆ ಕೊಟ್ಟು ಅನುಮತಿ 2770 ಇಡಿ. ಮೊದಲಿನ ಆ 2 ಇದ್ದರೆ ಅಲ್ಲಿ ಯಾರು ಹೊಸ ಫೈಲ್ ಮಾಡಿದರೂ ಅದು ಗುಂಪಿನ ಫೈಲೇ ಆಗುತ್ತದೆ.

ಇನ್ನೂ ಒಂದು ಮಾತು. ರಿಮೋಟ್ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಒತ್ತಿದರೆ ನೀವು ಲಾಗೌಟ್ ಆಗುವುದಿಲ್ಲ, ಸಂಪರ್ಕ ಮಾತ್ರ ಬಿಡುತ್ತದೆ. ಡೆಸ್ಕ್‌ಟಾಪ್ ಮಂಡಿಯಲ್ಲಿ ಹಾಗೇ ಓಡುತ್ತಿರುತ್ತದೆ. ಮತ್ತೆ ಬಂದಾಗ ಅದೇ ಸಿಗಬೇಕಾದರೆ ಬಣ್ಣದ ಆಳ, ಅಂದರೆ 16 ಬಿಟ್, 24 ಬಿಟ್, 32 ಬಿಟ್ ಎಂದು ಇರುತ್ತದಲ್ಲ, ಅದು ಮೊದಲಿನಷ್ಟೇ ಇರಬೇಕು. ಇಲ್ಲದಿದ್ದರೆ ಎಕ್ಸ್‌ಆರ್‌ಡಿಪಿ ನಿಮ್ಮನ್ನು ಹೊಸಬರೆಂದು ಎಣಿಸಿ ಇನ್ನೊಂದು ಡೆಸ್ಕ್‌ಟಾಪ್ ಎಬ್ಬಿಸಲು ಹೋಗುತ್ತದೆ, ಮತ್ತೆ ಅದೇ ಕಪ್ಪು ಪರದೆ. ಲ್ಯಾಪ್‌ಟಾಪ್‌ನಲ್ಲೊಂದು, ಮೊಬೈಲ್‌ನಲ್ಲೊಂದು ಇಟ್ಟುಕೊಂಡವರು ಇದರಿಂದ ಬಹಳ ಒದ್ದಾಡುತ್ತಾರೆ.

ಪ್ರಶ್ನೆ: ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಶನಿವಾರ ಸಂಜೆ ಕರೆಂಟ್ ಹೋಗಿ ಬಂತು. ಸೋಮವಾರದಿಂದ ಆಫೀಸಿನ ಬೇರೆ ಯಾವ ಕಂಪ್ಯೂಟರ್‌ನಿಂದಲೂ ಸರ್ವರ್‌ಗೆ ರಿಮೋಟ್ ಹೋಗ್ತಿಲ್ಲ. ಸರ್ವರ್ ಆನ್ ಇದೆ, ದೀಪ ಉರೀತಿದೆ. ಎಕ್ಸ್‌ಆರ್‌ಡಿಪಿ ತೆಗೆದು ಮತ್ತೆ ಹಾಕಿದ್ದು ಎರಡು ಸಲ. ವಿಂಡೋಸ್ ಮೂರು ಕಾರಣ ಪಟ್ಟಿ ಮಾಡಿ ತೋರಿಸುತ್ತೆ, ಅದರಲ್ಲಿ ಯಾವುದು ಅಂತ ಹೇಳಲ್ಲ.

ಉತ್ತರ: ಸ್ವಾಮಿ, ದಯವಿಟ್ಟು ಮೂರನೇ ಸಲ ತೆಗೆದು ಹಾಕಬೇಡಿ. ಎಲ್ಲಿ ಕಡಿದಿದೆ ಎಂದು ಗೊತ್ತಾಗುವ ಮುಂಚೆ ಏನನ್ನೂ ಕೀಳಬಾರದು ಎಂದು ನಾನು ಕಲಿತದ್ದು ಕಂಪ್ಯೂಟರ್‌ನಿಂದಲ್ಲ. ನಮ್ಮ ತಾತನ ಗದ್ದೆ ಪಾಂಡವಪುರದ ಕಡೆ, ನಾಲೆಯ ಕೊನೆಯಲ್ಲಿತ್ತು. ನೀರು ಬರಲಿಲ್ಲವೆಂದರೆ ನೀರುಗಂಟಿ ಗದ್ದೆಯಲ್ಲಿ ನಿಂತು ಗುದ್ದಲಿ ಹಾಕುತ್ತಿರಲಿಲ್ಲ. ತೂಬಿನ ಹತ್ತಿರ ಹೋಗಿ ಅಲ್ಲಿಂದ ಕಾಲುವೆಗುಂಟ ನಡೆದು ಬರುತ್ತಿದ್ದ. ತೂಬಿನಲ್ಲಿ ನೀರಿದೆಯಾ, ಇದೆ. ಕವಲಿನಲ್ಲಿದೆಯಾ, ಇದೆ. ಮೂರನೇ ಬದುವಿನ ಹತ್ತಿರ ಇಲ್ಲ. ಅಂದರೆ ಕವಲಿಗೂ ಬದುವಿಗೂ ನಡುವೆ ಯಾರೋ ಕಟ್ಟಿದ್ದಾರೆ, ಇಲ್ಲವೇ ಏಡಿ ಬಿಲ ಕೊರೆದಿದೆ. ನೀವೂ ಹಾಗೇ ನಡೆದು ಬನ್ನಿ.

ಮೊದಲು ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಹಚ್ಚಿ ‘ಐಪಿ ಎ’ ಎಂದು ಟೈಪ್ ಮಾಡಿ ಅದರ ವಿಳಾಸ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಶುರುವಾದ ತೊಂದರೆ ಎಂದರೆ ನನ್ನ ಮೊದಲ ಗುಮಾನಿ ಇಲ್ಲೇ. ರೂಟರ್ ಹೊಸದಾಗಿ ಎದ್ದಾಗ ಎಲ್ಲ ಯಂತ್ರಗಳಿಗೂ ಮತ್ತೆ ವಿಳಾಸ ಹಂಚುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಉಳಿಸಿಟ್ಟುಕೊಂಡದ್ದು 192.168.1.20 ಆಗಿದ್ದು, ಸರ್ವರ್‌ಗೆ ಈಗ ಸಿಕ್ಕಿರುವುದು 192.168.1.37 ಆಗಿದ್ದರೆ, ನೀವು ಮೂರು ದಿನದಿಂದ ಖಾಲಿ ಮನೆಯ ಬಾಗಿಲು ಬಡಿಯುತ್ತಿದ್ದೀರಿ. ಪರಿಹಾರ ರೂಟರ್‌ನಲ್ಲಿದೆ. ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗೆ, ಒಂದು ಐಪಿಯನ್ನು ಕಾಯ್ದಿರಿಸಿ. ಆಮೇಲೆ ಎಷ್ಟು ಸಲ ಕರೆಂಟ್ ಹೋದರೂ ಅದೇ ವಿಳಾಸ ಸಿಗುತ್ತದೆ.

ವಿಳಾಸ ಸರಿಯಾಗಿದ್ದರೆ ಮುಂದಿನ ಹೆಜ್ಜೆ ಪೋರ್ಟ್. ರಿಮೋಟ್ ಡೆಸ್ಕ್‌ಟಾಪ್‌ನದು 3389. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಎಂಬ ಆಜ್ಞೆಗೆ ಸರ್ವರ್ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಕೊಟ್ಟರೆ ಬಾಗಿಲು ತೆರೆದಿದೆಯೋ ಇಲ್ಲವೋ ಹೇಳುತ್ತದೆ. ಲಿನಕ್ಸ್ ಲ್ಯಾಪ್‌ಟಾಪ್ ಇದ್ದರೆ ‘ಎನ್‌ಸಿ’ ಇನ್ನೂ ಒಳ್ಳೆಯದು, ಅದು ಎರಡು ಬೇರೆ ಬೇರೆ ಮಾತು ಹೇಳುತ್ತದೆ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದು ತಕ್ಷಣ ಬಂದರೆ ಯಂತ್ರ ಬದುಕಿದೆ, ನಿಮ್ಮ ದನಿ ಅದಕ್ಕೆ ಕೇಳಿಸಿದೆ, ಆ ಪೋರ್ಟಿನಲ್ಲಿ ಯಾರೂ ಕೂತಿಲ್ಲ ಎಂದು ಅದೇ ಬಂದು ಹೇಳುತ್ತಿದೆ. ತುಂಬ ಹೊತ್ತು ಸುಮ್ಮನಿದ್ದು ‘ಟೈಮ್ಡ್ ಔಟ್’ ಎಂದರೆ ಉತ್ತರ ಕೊಡುವವರೇ ಇಲ್ಲ: ವಿಳಾಸ ತಪ್ಪು, ಯಂತ್ರ ಆಫ್, ಇಲ್ಲವೇ ಫೈರ್‌ವಾಲ್ ನಿಮ್ಮ ಕೂಗನ್ನು ನುಂಗಿಹಾಕುತ್ತಿದೆ. ಈ ಎರಡರ ವ್ಯತ್ಯಾಸ ತಿಳಿದರೆ ಅರ್ಧ ದಾರಿ ಸವೆಯಿತು. ವಿಂಡೋಸ್ ಎರಡಕ್ಕೂ ಅದೇ ಮೂರು ಕಾರಣದ ಪಟ್ಟಿ ತೋರಿಸುವುದರಿಂದಲೇ ನೀವು ಕಂಗಾಲಾದದ್ದು.

ರಿಫ್ಯೂಸ್ಡ್ ಎಂದು ಬಂದರೆ ಸರ್ವರ್‌ನಲ್ಲಿ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಕ್ಸ್‌ಆರ್‌ಡಿಪಿ’ ನೋಡಿ, ಹಸಿರಿನಲ್ಲಿ ‘ಆಕ್ಟಿವ್’ ಎಂದಿರಬೇಕು. ಆಮೇಲೆ ಆಡಳಿತಗಾರನ ಅಧಿಕಾರ ಕೊಡುವ ‘ಸೂಡು’ ಮೊದಲಿಗೆ ಹಚ್ಚಿ ‘ಎಸ್‌ಎಸ್’ ಆಜ್ಞೆಯನ್ನು ಅಡ್ಡಗೆರೆ ಹಾಕಿ ಟಿ, ಎಲ್, ಎನ್, ಪಿ ಎಂಬ ನಾಲ್ಕು ಅಕ್ಷರಗಳ ಜೊತೆ ಕೊಟ್ಟರೆ ಯಾವ ಪೋರ್ಟಿನಲ್ಲಿ ಯಾವ ಪ್ರೋಗ್ರಾಮ್ ಕೂತಿದೆ ಎಂದು ತೋರಿಸುತ್ತದೆ. ಬಾಗಿಲು ತೆರೆದಿದ್ದೂ ಎಕ್ಸ್‌ಆರ್‌ಡಿಪಿ ಸಿಗದಿದ್ದರೆ ಇದನ್ನೂ ನೋಡಿ: ಉಬುಂಟು 22.04ರ ಸೆಟ್ಟಿಂಗ್ಸ್‌ನಲ್ಲಿ ಶೇರಿಂಗ್ ಎಂಬಲ್ಲಿ ಗ್ನೋಮ್‌ನದೇ ರಿಮೋಟ್ ಡೆಸ್ಕ್‌ಟಾಪ್ ಇದೆ. ಯಾರಾದರೂ ಅದನ್ನು ಒತ್ತಿ ಚಾಲೂ ಮಾಡಿದ್ದರೆ 3389ರಲ್ಲಿ ಅದು ಮೊದಲೇ ಕೂತುಬಿಟ್ಟಿರಬಹುದು. ಆಗ ಎಕ್ಸ್‌ಆರ್‌ಡಿಪಿಗೆ ಜಾಗ ಸಿಗುವುದಿಲ್ಲ. ಎರಡರಲ್ಲಿ ಒಂದನ್ನು ನಿಲ್ಲಿಸಿ.

ಟೈಮ್ಡ್ ಔಟ್ ಎಂದು ಬಂದು, ವಿಳಾಸವೂ ಸರಿಯಿದ್ದರೆ ‘ಯುಎಫ್‌ಡಬ್ಲ್ಯು ಸ್ಟೇಟಸ್’ ನೋಡಿ. ಫೈರ್‌ವಾಲ್ ಆನ್ ಇದ್ದು 3389ಕ್ಕೆ ಅನುಮತಿ ಇಲ್ಲದಿದ್ದರೆ ನಿಮ್ಮ ಒಳಜಾಲಕ್ಕೆ, ಅಂದರೆ 192.168.1.0/24ಕ್ಕೆ ಮಾತ್ರ ಅನುಮತಿ ಕೊಡಿ. ಫೈರ್‌ವಾಲ್ ಅನ್ನೇ ಆಫ್ ಮಾಡಿ ‘ಸರಿಹೋಯ್ತು’ ಎಂದು ಬಿಟ್ಟುಬಿಡುವವರನ್ನು ಬಹಳ ನೋಡಿದ್ದೇನೆ. ಅದು ಬೀಗ ಒಡೆದು ಬಾಗಿಲು ತೆಗೆದಂತೆ.

ಇಷ್ಟೆಲ್ಲ ದಾಟಿಯೂ ಆಗದಿದ್ದರೆ ಲಾಗ್ ಓದಿ. ‘ವಾರ್’ ಫೋಲ್ಡರಿನ ಒಳಗೆ ‘ಲಾಗ್’ ಫೋಲ್ಡರ್, ಅದರಲ್ಲಿ ಎಕ್ಸ್‌ಆರ್‌ಡಿಪಿಯದೊಂದು ಫೈಲು, ಸೆಸ್‌ಮ್ಯಾನ್‌ನದು ಇನ್ನೊಂದು. ಮೊದಲನೆಯದು ಬಾಗಿಲಿನ ಕಥೆ ಹೇಳುತ್ತದೆ, ಎರಡನೆಯದು ಡೆಸ್ಕ್‌ಟಾಪ್ ಎದ್ದಿತೋ ಬಿತ್ತೋ ಎಂಬ ಕಥೆ. ಕೊನೆಯ ಇಪ್ಪತ್ತು ಸಾಲು ಸಾಕು. ಖಾಸಗಿ ಕೀ ಫೈಲನ್ನು ಓದಲು ಅನುಮತಿ ಇಲ್ಲ ಎಂಬ ಸಾಲು ಅಲ್ಲಿ ಕಂಡರೆ, ಎಕ್ಸ್‌ಆರ್‌ಡಿಪಿ ಎಂಬ ಯೂಸರ್ ಅನ್ನು ‘ಎಸ್‌ಎಸ್‌ಎಲ್-ಸರ್ಟ್’ ಗುಂಪಿಗೆ ಸೇರಿಸಿ ಸೇವೆಯನ್ನು ಮತ್ತೆ ಶುರುಮಾಡಿ.

ಒಂದು ಕೆಲಸ ಈ ವಾರವೇ ಮಾಡಿಬಿಡಿ. ಸರ್ವರ್‌ನ ಬಯೋಸ್‌ನಲ್ಲಿ, ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಆನ್ ಆಗಬೇಕೋ ಆಫ್ ಆಗಿಯೇ ಇರಬೇಕೋ ಎಂಬ ಆಯ್ಕೆ ಇರುತ್ತದೆ. ಆನ್ ಎಂದು ಇಡಿ. ನೀವು ಭಾನುವಾರ ಮನೆಯಲ್ಲಿದ್ದಾಗ ಹೋಗಿ ಬಟನ್ ಒತ್ತುವವರು ಯಾರೂ ಇರುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಮೈಸೂರಿನಲ್ಲಿ ಎಂಸಿಎ ಓದ್ತಿದ್ದೀನಿ. ಪ್ರಾಜೆಕ್ಟ್‌ಗೆ ಅಂತ 1 ಜಿಬಿ ರ‍್ಯಾಮ್‌ನ ಕ್ಲೌಡ್ ಸರ್ವರ್ ಬಾಡಿಗೆಗೆ ತಗೊಂಡು ಉಬುಂಟು ಸರ್ವರ್ ಹಾಕಿದೆ. ಎಕ್ಸ್‌ಆರ್‌ಡಿಪಿನೂ ಹಾಕಿದೆ. ಎಸ್‌ಎಸ್‌ಎಚ್ ಕೀ ಕೊಟ್ಟರೆ ಒಳಗೆ ಹೋಗ್ತೀನಿ, ಆದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ‘ಲಾಗಿನ್ ಫೇಲ್ಡ್’ ಅನ್ನುತ್ತೆ. ಪಾಸ್‌ವರ್ಡ್ ಏನು ಅಂತಾನೇ ಗೊತ್ತಿಲ್ಲ.

ಉತ್ತರ: ಗೊತ್ತಿಲ್ಲದಿರುವುದು ನಿನ್ನ ತಪ್ಪಲ್ಲಮ್ಮ, ಪಾಸ್‌ವರ್ಡ್ ಇಲ್ಲವೇ ಇಲ್ಲ. ಕ್ಲೌಡ್‌ನಲ್ಲಿ ಸಿಗುವ ಉಬುಂಟುವಿನಲ್ಲಿ ಸಾಮಾನ್ಯವಾಗಿ ಯೂಸರ್‌ಗೆ ಪಾಸ್‌ವರ್ಡ್ ಕೊಟ್ಟಿರುವುದಿಲ್ಲ, ಕೀ, ಅಂದರೆ ಪಾಸ್‌ವರ್ಡ್ ಬದಲಿಗೆ ಬಳಸುವ ಗುರುತಿನ ಫೈಲು, ಇದ್ದವರಿಗೆ ಮಾತ್ರ ಪ್ರವೇಶ. ಎಕ್ಸ್‌ಆರ್‌ಡಿಪಿಗೆ ಪಾಸ್‌ವರ್ಡ್ ಬೇಕೇ ಬೇಕು. ‘ಸೂಡು ಪಾಸ್‌ಡಬ್ಲ್ಯುಡಿ’ ಎಂದು ಬರೆದು ಮುಂದೆ ಯೂಸರ್ ಹೆಸರು ಕೊಟ್ಟು ಉದ್ದನೆಯದೊಂದನ್ನು ಇಟ್ಟುಕೋ.

ಆದರೂ ಬರೀ ಖಾಲಿ ಪರದೆ ಬರುತ್ತದೆ, ಈಗಲೇ ಹೇಳಿರುತ್ತೇನೆ. ಉಬುಂಟು ಸರ್ವರ್‌ನಲ್ಲಿ ಡೆಸ್ಕ್‌ಟಾಪ್ ಇರುವುದಿಲ್ಲ. ಎಕ್ಸ್‌ಆರ್‌ಡಿಪಿ ಬಾಗಿಲು ಮಾತ್ರ, ಒಳಗಿನ ಮನೆಯನ್ನು ನೀನೇ ಕಟ್ಟಬೇಕು. 1 ಜಿಬಿಯಲ್ಲಿ ಗ್ನೋಮ್ ಎಳೆಯಲಾರದು. ಎಕ್ಸ್‌ಎಫ್‌ಸಿಇ4 ಎಂಬ ಹಗುರವಾದ ಡೆಸ್ಕ್‌ಟಾಪ್ ಹಾಕು, ನಿನ್ನ ಹೋಮ್ ಫೋಲ್ಡರ್‌ನಲ್ಲಿ ‘ಡಾಟ್ ಎಕ್ಸ್‌ಸೆಷನ್’ ಎಂಬ ಫೈಲ್ ಮಾಡಿ ಅದರಲ್ಲಿ ‘ಎಕ್ಸ್‌ಎಫ್‌ಸಿಇ4-ಸೆಷನ್’ ಎಂದು ಒಂದೇ ಸಾಲು ಬರೆ. ಕ್ಲೌಡ್ ಸರ್ವರ್‌ನ ಮುಂದೆ, ಉಬುಂಟುವಿನ ಫೈರ್‌ವಾಲ್ ಅಲ್ಲದೆ, ಕ್ಲೌಡ್‌ನವರದೇ ಇನ್ನೊಂದು ಫೈರ್‌ವಾಲ್ ಸಹ ಇರುತ್ತದೆ ಎಂಬುದನ್ನು ಮರೆಯಬೇಡ.

ಇಷ್ಟೆಲ್ಲ ಮಾಡುವ ಮುಂಚೆ ಒಂದು ಕೇಳಲಾ? ನಿನಗೆ ಡೆಸ್ಕ್‌ಟಾಪ್ ಯಾಕೆ ಬೇಕು? ಪ್ರಾಜೆಕ್ಟ್ ವೆಬ್‌ಸೈಟ್ ಎಂದರೆ ಎಸ್‌ಎಸ್‌ಎಚ್ ಸಾಕು, ಆ 1 ಜಿಬಿ ಪೂರ್ತಿ ನಿನ್ನ ಪ್ರಾಜೆಕ್ಟ್‌ಗೇ ಉಳಿಯುತ್ತದೆ. ಮೊದಲ ಎರಡು ವಾರ ಕೈ ತಡವರಿಸುತ್ತದೆ. ಆಮೇಲೆ ಬೆರಳುಗಳೇ ದಾರಿ ಹಿಡಿಯುತ್ತವೆ. ನಿನ್ನ ವಯಸ್ಸಿನಲ್ಲಿ ಅದನ್ನು ಕಲಿತರೆ ಮುಂದೆ ಯಾವ ಕೆಲಸಕ್ಕೆ ಸೇರಿದರೂ ಆಗಿಬರುತ್ತದೆ.

ಪ್ರಶ್ನೆ: ಸೋದರಿ, ಶ್ರೀರಂಗಪಟ್ಟಣದ ನಿವೃತ್ತ ಕನ್ನಡ ಅಧ್ಯಾಪಕ ನಾನು. ನಮ್ಮೂರ ಶಾಸನ, ಲಾವಣಿಗಳನ್ನು ಗಣಕಕ್ಕೆ ಏರಿಸುತ್ತಿದ್ದೇನೆ. ಫೈಲುಗಳೆಲ್ಲ ಮೈಸೂರಿನಲ್ಲಿರುವ ಮಗನ ಲಿನಕ್ಸ್ ಯಂತ್ರದಲ್ಲಿವೆ. ಅಲ್ಲಿ ಹೋಗಿ ಕೂತರೆ ಕನ್ನಡ ಸೊಗಸಾಗಿ ಮೂಡುತ್ತದೆ. ಇಲ್ಲಿಂದ ರಿಮೋಟ್‌ನಲ್ಲಿ ಹೋದರೆ ಕನ್ನಡದ ಕೀಲಿಮಣೆಯೇ ಸಿಗುವುದಿಲ್ಲ. ನನ್ನ ವಿಂಡೋಸ್‌ನಲ್ಲಿ ಕನ್ನಡ ತಂತ್ರಾಂಶ ಆನ್ ಮಾಡಿಕೊಂಡರೂ ಅಲ್ಲಿ ಇಂಗ್ಲಿಷ್ ಅಕ್ಷರವೇ ಬೀಳುತ್ತದೆ.

ಉತ್ತರ: ಮೇಷ್ಟ್ರೇ, ನಮಸ್ಕಾರ. ನಿಮ್ಮ ಕಾಗದ ಓದಿ ನನಗೆ ಬಹಳ ಸಂತೋಷವಾಯಿತು, ಈ ಕೆಲಸ ನಿಲ್ಲಬಾರದು.

ರಿಮೋಟ್ ಡೆಸ್ಕ್‌ಟಾಪ್ ಸಾಮಾನ್ಯವಾಗಿ ನಿಮ್ಮ ಲ್ಯಾಪ್‌ಟಾಪ್‌ನಿಂದ ಅಕ್ಷರಗಳನ್ನು ಕಳಿಸುವುದಿಲ್ಲ. ಯಾವ ಕೀಲಿ ಒತ್ತಿದಿರಿ ಎಂಬ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ನೀವು ‘ಕ’ ಬರಲೆಂದು ಒತ್ತಿದ ಕೀಲಿ ಅಲ್ಲಿಗೆ ತಲುಪುವುದು ‘ಇಂಥ ಸಂಖ್ಯೆಯ ಕೀಲಿ’ ಎಂದು ಮಾತ್ರ. ಅದನ್ನು ‘ಕ’ ಮಾಡುವ ಕೆಲಸ ಆ ಕಡೆಯ ಲಿನಕ್ಸ್‌ನದು. ಹಾಗಾಗಿ ನಿಮ್ಮ ವಿಂಡೋಸ್‌ನ ಕನ್ನಡ ತಂತ್ರಾಂಶ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಆಫ್ ಮಾಡಿ, ಕೀಲಿಮಣೆಯನ್ನು ಇಂಗ್ಲಿಷ್‌ಗೆ ಇಟ್ಟು ಒಳಗೆ ಹೋಗಿ.

ಇನ್ನು ಅಲ್ಲಿ ಕೀಲಿಮಣೆ ಯಾಕೆ ಸಿಗುವುದಿಲ್ಲ? ಲಿನಕ್ಸ್‌ನಲ್ಲಿ ಕನ್ನಡ ಮೂಡಿಸುವುದು ಐಬಸ್ ಎಂಬ ಪ್ರೋಗ್ರಾಮ್. ಯಂತ್ರದ ಮುಂದೆ ಕೂತು ಲಾಗಿನ್ ಆದಾಗ ಡೆಸ್ಕ್‌ಟಾಪೇ ಅದನ್ನು ಎಬ್ಬಿಸುತ್ತದೆ. ಎಕ್ಸ್‌ಆರ್‌ಡಿಪಿ ಮೂಲಕ ಹೋದಾಗ ಅದು ಎಷ್ಟೋ ಸಲ ಏಳುವುದೇ ಇಲ್ಲ. ನಿಮ್ಮ ಮಗನಿಗೆ ಈ ಸಾಲು ತೋರಿಸಿ: ಹೋಮ್ ಫೋಲ್ಡರಿನ ‘ಡಾಟ್ ಎಕ್ಸ್‌ಸೆಷನ್‌ಆರ್‌ಸಿ’ ಫೈಲಿನಲ್ಲಿ ಜಿಟಿಕೆ, ಕ್ಯುಟಿ, ಎಕ್ಸ್ ಮೂರಕ್ಕೂ ಇನ್‌ಪುಟ್ ವಿಧಾನ ಐಬಸ್ ಎಂದು ಬರೆದು, ಐಬಸ್ ಡೀಮನ್ ಶುರುಮಾಡುವ ಸಾಲನ್ನು ಕೊನೆಗೆ ಸೇರಿಸಬೇಕು. ಈ ಕೆಲಸ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡದ ಪಟ್ಟಿಯಲ್ಲಿ ಕಗಪ ಸಿಗುತ್ತದೆ. ನಾಡೋಜ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಕೀಲಿಮಣೆಯೇ ಅದು, ನುಡಿಯಲ್ಲಿ ಟೈಪ್ ಮಾಡಿ ರೂಢಿಯಾದ ಬೆರಳಿಗೆ ಹೊಸದೇನೂ ಅನ್ನಿಸುವುದಿಲ್ಲ. ಅಕ್ಷರಗಳ ಬದಲು ಚೌಕ ಕಂಡರೆ ‘ಫಾಂಟ್ಸ್-ಗುಬ್ಬಿ’, ‘ಫಾಂಟ್ಸ್-ನವಿಲು’ ಹಾಕಲು ಹೇಳಿ.

ಹಳೆಯ ಕೆಲವು ಫೈಲುಗಳು ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಅವು ಯೂನಿಕೋಡ್ ಬರುವ ಮುಂಚಿನ ಫಾಂಟ್‌ನಲ್ಲಿ ಬರೆದವು. ರಿಮೋಟ್‌ಗೂ ಅದಕ್ಕೂ ಸಂಬಂಧವಿಲ್ಲ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ. ಪರಿವರ್ತನೆಯಲ್ಲಿ ಕೆಡುವುದು ಹೆಚ್ಚಾಗಿ ಅಲ್ಲೇ, ಶಾಸನಪಾಠದಲ್ಲಿ ಒಂದು ಒತ್ತು ಹೋದರೆ ಅರ್ಥವೇ ಹೋಯಿತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಾನು ಮದ್ದೂರಿನವನು. ಮನೆಯಿಂದ ಅಂಗಡಿಯ ಲಿನಕ್ಸ್ ಸರ್ವರ್ ನೋಡಲು ರೂಟರ್‌ನಲ್ಲಿ 3389 ಪೋರ್ಟ್ ತೆರೆದಿದ್ದೇನೆ. ಚೆನ್ನಾಗಿಯೇ ನಡೀತಿದೆ. ನಿನ್ನೆ ಲಾಗ್ ನೋಡಿದರೆ ಗುರುತಿಲ್ಲದ ವಿಳಾಸಗಳಿಂದ ಒಂದರ ಹಿಂದೆ ಒಂದು ಲಾಗಿನ್ ಪ್ರಯತ್ನ. ಲಿನಕ್ಸ್ ಅಲ್ಲವೇ, ಏನೂ ಆಗಲ್ಲ ಅಂತ ಗೆಳೆಯರು ಹೇಳ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಈ ಪುಟ ಓದಿ ಮುಗಿಸುವ ಮುಂಚೆ ಎದ್ದು ಹೋಗಿ ರೂಟರ್‌ನಲ್ಲಿ ಆ ಪೋರ್ಟ್ ಮುಚ್ಚಿ ಬನ್ನಿ.

ಬಾಗಿಲು ಬಡಿಯುತ್ತಿರುವವರು ಮನುಷ್ಯರಲ್ಲ, ಇಡೀ ಇಂಟರ್ನೆಟ್ಟಿನ ವಿಳಾಸಗಳನ್ನು ಹಗಲೂ ರಾತ್ರಿ ತಟ್ಟುತ್ತಾ ಹೋಗುವ ಪ್ರೋಗ್ರಾಮ್‌ಗಳು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ 2019ರಲ್ಲಿ ಬ್ಲೂಕೀಪ್ ಎಂಬ ದೊಡ್ಡ ಬಿರುಕು ಹೊರಬಂತು, ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಬಹುದಾದಂಥದ್ದು. 3389 ಎಂದರೆ ಕಳ್ಳರಿಗೆ ಅಷ್ಟು ಪ್ರೀತಿ. ಎಕ್ಸ್‌ಆರ್‌ಡಿಪಿಗೆ ಆ ಬಿರುಕು ತಟ್ಟದಿರಬಹುದು, ಆದರೆ ನಿಮ್ಮ ಅಂಗಡಿಯ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದರೆ ಲಿನಕ್ಸ್ ಏನೂ ಕಾಪಾಡುವುದಿಲ್ಲ.

ಒಳ್ಳೆಯ ದಾರಿ ಎಸ್‌ಎಸ್‌ಎಚ್ ಸುರಂಗ. 1995ರಲ್ಲಿ ಫಿನ್ಲೆಂಡಿನ ತಾತು ಇಲೊನೆನ್ ಇದನ್ನು ಬರೆದದ್ದೇ ಪಾಸ್‌ವರ್ಡ್ ಕದಿಯುವವರ ಕಾಟಕ್ಕೆ. ಲ್ಯಾಪ್‌ಟಾಪ್‌ನಲ್ಲಿ ‘ಎಸ್‌ಎಸ್‌ಎಚ್’ ಎಂದು ಬರೆದು, ಅಡ್ಡಗೆರೆ ಮತ್ತು ದೊಡ್ಡ ಅಕ್ಷರದ ‘ಎಲ್’, ಅದರ ಮುಂದೆ ‘13389:ಲೋಕಲ್‌ಹೋಸ್ಟ್:3389’, ಆಮೇಲೆ ಯೂಸರ್ ಹೆಸರು ಮತ್ತು ಅಂಗಡಿಯ ವಿಳಾಸ. ಈ ಕಿಟಕಿ ತೆರೆದಿರುವಷ್ಟು ಹೊತ್ತು ನಿಮ್ಮ ಲ್ಯಾಪ್‌ಟಾಪ್‌ನ 13389ಕ್ಕೆ ಹೋದದ್ದೆಲ್ಲ ಅಂಗಡಿಯ 3389ಕ್ಕೆ ಗುಟ್ಟಾಗಿ ತಲುಪುತ್ತದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ವಿಳಾಸ ‘ಲೋಕಲ್‌ಹೋಸ್ಟ್:13389’ ಎಂದು ಕೊಡಿ. ಹೊರಗೆ ತೆರೆದಿರುವುದು ಎಸ್‌ಎಸ್‌ಎಚ್‌ನ 22 ಒಂದೇ. ಅದಕ್ಕೂ ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀ ಮಾತ್ರ ಇಡಿ. ದಿನವಿಡೀ ಕೆಲಸ ಮಾಡುವವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಇನ್ನೂ ಹಗುರ. 2020ರಲ್ಲಿ ಬಂದ ಲಿನಕ್ಸ್ ಕರ್ನಲ್ 5.6ರಿಂದ ಅದು ಕರ್ನಲ್‌ನ ಒಳಗೇ ಇದೆ.

ನಿಮ್ಮಲ್ಲಿ ಪೋರ್ಟ್ ತೆರೆಯಲು ಬಂದಿದೆ ಎಂದರೆ ನಿಮಗೆ ಸ್ವಂತ ವಿಳಾಸ ಸಿಕ್ಕಿದೆ. ಎಷ್ಟೋ ಮನೆಗಳಿಗೆ ಅದು ಸಿಗುವುದಿಲ್ಲ. ರೂಟರ್‌ನ ಹೊರವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಕಂಪನಿ ಹಲವು ಮನೆಗೆ ಹಂಚಿದೆ ಎಂದರ್ಥ. ಅಂಥವರು ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ಒಂದು ಸಣ್ಣ ಕ್ಲೌಡ್ ಸರ್ವರ್ ಬಾಡಿಗೆಗೆ ತೆಗೆದುಕೊಂಡು ಮನೆ, ಅಂಗಡಿ ಎರಡೂ ಅಲ್ಲಿಗೆ ವೈರ್‌ಗಾರ್ಡ್ ಹಾಕಿಕೊಳ್ಳಬೇಕು. ಸಂಪರ್ಕ ಆರದಂತೆ ಕೀಪ್‌ಅಲೈವ್ 25 ಸೆಕೆಂಡ್ ಇಡಬೇಕು.

ಮನೆಯಿಂದ ಫೈರ್‌ವಾಲ್ ಮುಟ್ಟುವ ಮುಂಚೆ ಇದನ್ನು ಕೇಳಿ. ಹದಿನಾಲ್ಕು ವರ್ಷದ ಹಿಂದೆ ಮಂಡ್ಯದ ಒಂದು ಕಚೇರಿಯ ಸರ್ವರ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ನಾನು ಯುಎಫ್‌ಡಬ್ಲ್ಯು ಚಾಲೂ ಮಾಡಿದೆ. ‘ಈಗಿರುವ ಎಸ್‌ಎಸ್‌ಎಚ್ ಸಂಪರ್ಕಕ್ಕೆ ತೊಂದರೆ ಆಗಬಹುದು, ಮುಂದುವರಿಯಲೇ?’ ಎಂದು ಅದು ಕೇಳಿತು. ವೈ ಒತ್ತಿದೆ. ಸಂಪರ್ಕ ಕಡಿಯಲಿಲ್ಲ. ಎಲ್ಲ ಸರಿಯಿದೆ ಎಂದುಕೊಂಡು ಕಿಟಕಿ ಮುಚ್ಚಿ ಮಲಗಿದೆ. ಮೊದಲೇ ನಡೆಯುತ್ತಿದ್ದ ಸಂಪರ್ಕವನ್ನು ಅದು ಹಾಗೇ ಬಿಟ್ಟಿತ್ತು, ಹೊಸಬರನ್ನು ಬಿಡುತ್ತಿರಲಿಲ್ಲ. 22ಕ್ಕೆ ಅನುಮತಿ ಕೊಡುವುದನ್ನು ನಾನು ಮರೆತಿದ್ದೆ. ಬೆಳಿಗ್ಗೆ ಐದಕ್ಕೆ ನೋಡಿದರೆ ಒಳಗೆ ಹೋಗಲಾಗುತ್ತಿಲ್ಲ. ಅವತ್ತು ಅವರಿಗೆ ಸಂಬಳ ಹಾಕುವ ದಿನ. ಮೊದಲ ಬಸ್ಸು ಹಿಡಿದು ಸುಮಾರು 45 ಕಿಲೋಮೀಟರ್ ದಾರಿಯುದ್ದಕ್ಕೂ ನನಗೆ ಕಿಟಕಿಯಾಚೆ ಏನೂ ಕಾಣಿಸಲಿಲ್ಲ. ಕಚೇರಿಯ ಬಾಗಿಲು ತೆಗೆಯುವವರಿಗಾಗಿ ಮೆಟ್ಟಿಲ ಮೇಲೆ ಒಂದು ಗಂಟೆ ಕಾದೆ. ಒಳಗೆ ಹೋದ ಮೇಲೆ ಟೈಪ್ ಮಾಡಿದ್ದು ಒಂದೇ ಸಾಲು.

ಅವತ್ತಿನಿಂದ ದೂರದ ಫೈರ್‌ವಾಲ್ ಮುಟ್ಟುವಾಗ ಮೊದಲು ‘ಎಟ್’ ಆಜ್ಞೆಯಲ್ಲಿ, ಐದು ನಿಮಿಷ ಬಿಟ್ಟು ಯುಎಫ್‌ಡಬ್ಲ್ಯು ತಾನಾಗಿ ಆಫ್ ಆಗಲಿ ಎಂದು ಹೇಳಿ ಇಡುತ್ತೇನೆ. ಆಮೇಲೆ ನಿಯಮ ಬದಲಿಸಿ, ಹಳೆಯ ಕಿಟಕಿ ಮುಚ್ಚದೆ, ಎರಡನೆಯ ಕಿಟಕಿ ತೆರೆದು ಹೊಸದಾಗಿ ಲಾಗಿನ್ ಆಗುತ್ತೇನೆ. ಅದು ಒಳಗೆ ಬಿಟ್ಟರೆ ಆ ಐದು ನಿಮಿಷದ ಕೆಲಸವನ್ನು ರದ್ದು ಮಾಡುತ್ತೇನೆ. ಬಿಡದಿದ್ದರೆ ಕೈಕಟ್ಟಿ ಕೂತು ಗಡಿಯಾರ ನೋಡುತ್ತೇನೆ. ನೀವೂ ಮದ್ದೂರಿನ ಮನೆಯಿಂದ ಹಾಗೇ ಮಾಡಿ. ‘ಎಟ್’ ನಿಮ್ಮ ಉಬುಂಟುವಿನಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಕೊಳ್ಳಿ.